ಸರ್ ಹೆನ್ರಿ ಲಾರೆನ್ಸ್ (1806–1857): ಸೈನಿಕರ ಮಕ್ಕಳ ವಸತಿ ಶಾಲೆಗಳ ಸ್ಥಾಪಕರ ಜೀವನ ಪರಿಚಯ

ಸೇನೆಯಲ್ಲಿ ಸೇವೆ ಸಲ್ಲಿಸುವವರ ಮಕ್ಕಳ ವಿದ್ಯಾಭ್ಯಾಸಕ್ಕೆ ಎರಡು ಅಡಚಣೆಗಳು ಹಿಂದಿನಿಂದಲೂ ಇವೆ. ತಂದೆಯ ವರ್ಗಾವಣೆಯಾದಾಗಲೆಲ್ಲ ಮಕ್ಕಳ ಶಾಲೆಯೂ ಬದಲಾಗುವುದು ಮೊದಲನೆಯದು. ತಂದೆ ಯುದ್ಧದಲ್ಲಿ ಮಡಿದರೆ ಅಥವಾ ಗಾಯಗೊಂಡು ಸೇವೆಯಿಂದ ಹಿಂದಿರುಗಿದರೆ ಮಕ್ಕಳ ಓದು ನಡುವೆಯೇ ನಿಂತುಹೋಗುವುದು ಎರಡನೆಯದು. ಈ ಎರಡೂ ಅಡಚಣೆಗಳಿಗೆ ಪರಿಹಾರವಾಗಿ 19ನೆಯ ಶತಮಾನದ ಭಾರತದಲ್ಲಿ ವಸತಿ ಶಾಲೆಗಳ ಯೋಜನೆಯೊಂದನ್ನು ರೂಪಿಸಿ, ಸ್ವಂತ ಹಣವನ್ನೂ ತೊಡಗಿಸಿ, ಅದನ್ನು ಕಾರ್ಯರೂಪಕ್ಕೆ ತಂದವರು ಸರ್ ಹೆನ್ರಿ ಮಾಂಟ್‌ಗೊಮರಿ ಲಾರೆನ್ಸ್‌ರವರು. ಸೈನಿಕರ, ಮಾಜಿ ಸೈನಿಕರ ಹಾಗೂ ಅವರ ಅವಲಂಬಿತರ ತಿಳುವಳಿಕೆಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಕುಟುಂಬ

ಹೆನ್ರಿ ಲಾರೆನ್ಸ್‌ರವರು 1806ರ ಜೂನ್ 28ರಂದು ಇಂದಿನ ಶ್ರೀಲಂಕಾದ ದಕ್ಷಿಣ ಕರಾವಳಿಯ ಮಾತರ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಲಾರೆನ್ಸ್ ಬ್ರಿಟಿಷ್ ಸೇನೆಯ ಅಧಿಕಾರಿ. ತಾಯಿ ಲೆಟಿಷಿಯಾ ಐರ್ಲೆಂಡಿನ ಡೊನೆಗಲ್ ಪ್ರಾಂತದ ನಾಕ್ಸ್ ಮನೆತನದವರು.

ಈ ಕುಟುಂಬದ ಇತಿಹಾಸಕ್ಕೆ ಕರ್ನಾಟಕದೊಡನೆ ನೇರವಾದ ಸಂಬಂಧವಿದೆ. 1799ರ ಮೇ 4ರಂದು ಬ್ರಿಟಿಷರು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದಾಗ, 77ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಆಗಿದ್ದ ಅಲೆಕ್ಸಾಂಡರ್ ಲಾರೆನ್ಸ್ ಎಡ ಪಡೆಯ ಮುಂಚೂಣಿಯ ತುಕಡಿಯನ್ನು ಮುನ್ನಡೆಸಿದರು. ಟಿಪ್ಪು ಸುಲ್ತಾನರು ವೀರಮರಣ ಹೊಂದಿದ ದಿನವೂ ಅದೇ. ಆ ಲಗ್ಗೆಯಲ್ಲಿ ಅಲೆಕ್ಸಾಂಡರ್ ತೀವ್ರವಾಗಿ ಗಾಯಗೊಂಡರು. ಗಾಯಗಳಿಂದಾಗಿ ಅವರ ಆರೋಗ್ಯ ಜೀವನಪರ್ಯಂತ ಕುಂದಿಯೇ ಇತ್ತು. ತಮ್ಮ ಸೇವೆಗೆ ತಕ್ಕ ಬಡ್ತಿಯಾಗಲಿ ಪಿಂಚಣಿಯಾಗಲಿ ದೊರೆಯಲಿಲ್ಲವೆಂಬ ಕೊರಗು ಕೊನೆಯವರೆಗೂ ಅವರನ್ನು ಕಾಡಿತು.

ಈ ದಂಪತಿಗಳಿಗೆ ಹನ್ನೆರಡು ಮಂದಿ ಮಕ್ಕಳು. ಮಕ್ಕಳ ಜನ್ಮಸ್ಥಳಗಳನ್ನು ಗಮನಿಸಿದರೆ ಆ ಮನೆಯ ಅಲೆದಾಟದ ಅರಿವಾಗುತ್ತದೆ. ಜಾರ್ಜ್ 1804ರಲ್ಲಿ ಸಿಂಹಳದ ಟ್ರಿಂಕೋಮಲಿಯಲ್ಲಿಯೂ, ಹೆನ್ರಿ 1806ರಲ್ಲಿ ಮಾತರದಲ್ಲಿಯೂ, ಜಾನ್ 1811ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ರಿಚ್‌ಮಂಡ್‌ನಲ್ಲಿಯೂ ಹುಟ್ಟಿದರು. ಅಲ್ಪ ಆದಾಯದ ದೊಡ್ಡ ಸಂಸಾರದಲ್ಲಿ ಮಕ್ಕಳ ಓದು ಬಂಧುಗಳ ನೆರವನ್ನೇ ನಂಬಿಕೊಂಡಿತ್ತು. ತಾಯಿಯ ಸಹೋದರ ಜೇಮ್ಸ್ ನಾಕ್ಸ್ ಐರ್ಲೆಂಡಿನ ಡೆರಿ ಪಟ್ಟಣದ ಫಾಯ್ಲ್ ಕಾಲೇಜಿನ ಮುಖ್ಯೋಪಾಧ್ಯಾಯರಾಗಿದ್ದರು. ಸೋದರಮಾವನ ಆ ಶಾಲೆಯಲ್ಲಿ ಹೆನ್ರಿಯವರ ವಿದ್ಯಾಭ್ಯಾಸ ನಡೆಯಿತು. ಮುಂದೆ ಅವರು ಇತರ ಸೈನಿಕರ ಮಕ್ಕಳಿಗಾಗಿ ಮಾಡಿದ ಕೆಲಸದ ಹಿನ್ನೆಲೆಯಲ್ಲಿ ಈ ಬಾಲ್ಯದ ಅನುಭವವನ್ನು ಕಾಣಬಹುದಾಗಿದೆ.

ಸೇನಾ ಸೇವೆ

ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೊಬ್ಬರ ಶಿಫಾರಸಿನ ಮೇರೆಗೆ ಹೆನ್ರಿಯವರಿಗೆ ಲಂಡನ್ ಸಮೀಪದ ಅಡಿಸ್ಕೂಂಬ್ ಸೈನಿಕ ವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು. ತರಬೇತಿ ಮುಗಿಸಿ ಬಂಗಾಳದ ಫಿರಂಗಿ ದಳಕ್ಕೆ ನೇಮಕಗೊಂಡು 1823ರಲ್ಲಿ ಅವರು ಕಲ್ಕತ್ತೆಗೆ ಬಂದರು. ಮೊದಲನೆಯ ಬರ್ಮಾ ಯುದ್ಧದಲ್ಲಿ ಅರಾಕಾನ್ ಪ್ರದೇಶದಲ್ಲಿ ಸೇವೆಯಲ್ಲಿದ್ದಾಗ ತೀವ್ರ ಜ್ವರಕ್ಕೆ ತುತ್ತಾಗಿ ಸ್ವದೇಶಕ್ಕೆ ಮರಳಬೇಕಾಯಿತು. ರಜೆಯ ಕಾಲವನ್ನು ವ್ಯರ್ಥ ಮಾಡದೆ ಐರ್ಲೆಂಡಿನ ಭೂಮಾಪನ ಕಾರ್ಯದಲ್ಲಿ ಸೇರಿ ಅಳತೆಯ ವಿಧಾನಗಳನ್ನು ಕಲಿತರು. 1829ರಲ್ಲಿ ತಮ್ಮ ಜಾನ್ ಜೊತೆಯಲ್ಲಿ ಪುನಃ ಭಾರತಕ್ಕೆ ಹೊರಟರು. ಆ ಕಲಿಕೆಯ ಫಲವಾಗಿ 1833ರ ನಂತರ ವಾಯವ್ಯ ಪ್ರಾಂತ್ಯಗಳ ಕಂದಾಯ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡುವ ಅವಕಾಶ ಅವರಿಗೆ ಒದಗಿತು.

ಈ ಅವಧಿಯಲ್ಲಿ ಸಂಬಳದ ಉಳಿತಾಯವನ್ನು ತಾಯಿಯ ಭವಿಷ್ಯಕ್ಕಾಗಿ ಕಳುಹಿಸುವ ಏರ್ಪಾಡನ್ನು ಸಹೋದರರು ಮಾಡಿಕೊಂಡಿದ್ದರು. ಸೈನಿಕನ ಕುಟುಂಬದ ಭದ್ರತೆಯನ್ನು ಆತ ಬದುಕಿರುವಾಗಲೇ ಏರ್ಪಡಿಸಬೇಕೆಂಬ ವಿಷಯದಲ್ಲಿ ಹೆನ್ರಿಯವರು ಮೊದಲಿನಿಂದಲೂ ದೃಢವಾಗಿದ್ದರು.

1837ರಲ್ಲಿ ಕಲ್ಕತ್ತೆಯಲ್ಲಿ ಹೊನೋರಿಯಾ ಮಾರ್ಷಲ್ ಅವರೊಡನೆ ಅವರ ವಿವಾಹವಾಯಿತು. ಪತಿ ಹೋದೆಡೆಗೆಲ್ಲ ಡೇರೆಯ ವಾಸವನ್ನೂ ಕಷ್ಟವಾದ ಪ್ರಯಾಣವನ್ನೂ ಸಹಿಸಿ ಬಂದ ಹೊನೋರಿಯಾ ಅವರು ಈ ದೇಶದ ಜೀವನವನ್ನು ತಮ್ಮ ದಿನಚರಿಗಳಲ್ಲಿ ದಾಖಲಿಸಿದ್ದಾರೆ. 1841ರಲ್ಲಿ ಅವರ ಹಸುಗೂಸು ಲೆಟಿಷಿಯಾ ತೀರಿಕೊಂಡಳು. ಮಕ್ಕಳ ಪ್ರಾಣವೆಂಬುದು ಆ ಕಾಲದ ದಂಡಿನ ಬದುಕಿನಲ್ಲಿ ಎಷ್ಟು ಅನಿಶ್ಚಿತವೆಂಬುದನ್ನು ಈ ದಂಪತಿಗಳು ಸ್ವಂತ ದುಃಖದಿಂದಲೇ ಅರಿತರು.

ಸೈನಿಕರ ಮಕ್ಕಳ ಅಂದಿನ ಸ್ಥಿತಿ

ಭಾರತದಲ್ಲಿದ್ದ ಬ್ರಿಟಿಷ್ ಸಾಮಾನ್ಯ ಸೈನಿಕನಿಗೆ ಸಂಸಾರಕ್ಕೆಂದು ಪ್ರತ್ಯೇಕ ಮನೆ ದೊರೆಯುವುದು ಅಪರೂಪವಾಗಿತ್ತು. ಎಷ್ಟೋ ಕಡೆ ಬ್ಯಾರಕ್ಕಿನ ಒಂದು ಮೂಲೆಗೆ ಪರದೆ ಕಟ್ಟಿಕೊಂಡು ಹೆಂಡತಿ ಮಕ್ಕಳು ವಾಸಿಸುತ್ತಿದ್ದರು. ಬಯಲು ಸೀಮೆಯ ಬಿಸಿಲು, ಕಾಲರಾ ಮತ್ತು ಜ್ವರಗಳಿಗೆ ಅನೇಕ ಮಕ್ಕಳು ಬಲಿಯಾಗುತ್ತಿದ್ದರು. ಕುಡಿತ, ಜಗಳಗಳು ಮಕ್ಕಳ ಕಣ್ಣೆದುರೇ ನಡೆಯುತ್ತಿದ್ದವು. ತಂದೆ ಸತ್ತರೆ ತಾಯಿಗೆ ದೀರ್ಘಕಾಲದ ಆಧಾರವಿರಲಿಲ್ಲವಾದ್ದರಿಂದ ಆಕೆ ಅದೇ ರೆಜಿಮೆಂಟಿನ ಮತ್ತೊಬ್ಬನನ್ನು ಬೇಗನೆ ಮದುವೆಯಾಗಬೇಕಾಗುತ್ತಿತ್ತು. ರೆಜಿಮೆಂಟಿಗೆ ಸೇರಿದ ಚಿಕ್ಕ ಶಾಲೆಗಳು ಇದ್ದವಾದರೂ, ದಂಡು ಹೊರಟಾಗ ಶಾಲೆಯೂ ಹೊರಡಬೇಕಾಗಿತ್ತು.

ಹಾಗೆಂದು ಇದಕ್ಕೂ ಹಿಂದೆ ಯಾವ ಪ್ರಯತ್ನವೂ ನಡೆದಿರಲಿಲ್ಲವೆಂದು ತಿಳಿಯಬಾರದು. ಮದರಾಸಿನಲ್ಲಿ 1789ರಲ್ಲಿಯೇ ಸೈನಿಕರ ಗಂಡುಮಕ್ಕಳ ಅನಾಥಾಲಯ ಆರಂಭವಾಗಿತ್ತು. ಅದರ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್, ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನು ಅಲ್ಲಿ ರೂಢಿಗೆ ತಂದರು. ನಮ್ಮ ನಾಡಿನ ತಿಣ್ಣೆ ಶಾಲೆಗಳ ಕ್ರಮವನ್ನು ಹೋಲುವ ಆ ಪದ್ಧತಿ ನಂತರ ಇಂಗ್ಲೆಂಡಿನಲ್ಲಿಯೂ ಪ್ರಚಾರ ಪಡೆಯಿತು. ಕಲ್ಕತ್ತೆಯಲ್ಲಿಯೂ ಇಂತಹ ಅನಾಥಾಲಯಗಳಿದ್ದವು. ಆದರೆ ಇವೆಲ್ಲವೂ ಬಯಲು ಸೀಮೆಯ ದೊಡ್ಡ ನಗರಗಳಲ್ಲಿದ್ದವು. ಉತ್ತರ ಭಾರತದ ದೂರದ ದಂಡುಗಳಲ್ಲಿದ್ದ ಸಾಮಾನ್ಯ ಸೈನಿಕನ ಮಗುವಿಗೆ ಅವು ಎಟಕುವಂತಿರಲಿಲ್ಲ.

ಯೋಜನೆಯ ರೂಪುರೇಷೆ

1843ರಿಂದ 1845ರವರೆಗೆ ಲಾರೆನ್ಸ್‌ರವರು ನೇಪಾಳದಲ್ಲಿ ಕಂಪನಿಯ ರೆಸಿಡೆಂಟರಾಗಿದ್ದರು. ಕಠ್ಮಂಡುವಿನ ಆ ದಿನಗಳಲ್ಲಿ ಬಿಡುವು ದೊರೆತುದರಿಂದ ಅವರು ಕಲ್ಕತ್ತಾ ರಿವ್ಯೂ ಪತ್ರಿಕೆಗೆ ಸೇನೆಯ ಸುಧಾರಣೆಯ ಬಗ್ಗೆ ಲೇಖನಗಳನ್ನು ಬರೆದರು. ಸೈನಿಕರ ಮಕ್ಕಳಿಗಾಗಿ ಬೆಟ್ಟದ ಮೇಲೊಂದು ವಸತಿ ಶಾಲೆ ಸ್ಥಾಪಿಸುವ ಯೋಜನೆಯೂ ಅಲ್ಲಿಯೇ ರೂಪುಗೊಂಡಿತು. ಈ ಚಿಂತನೆಯಲ್ಲಿ ಹೊನೋರಿಯಾ ಅವರು ಸಮಪಾಲುದಾರರಾಗಿದ್ದರು.

ಯೋಜನೆಯ ಮುಖ್ಯ ಅಂಶಗಳು ಹೀಗಿದ್ದವು:

1. ಶಾಲೆಯು ಬಯಲಿನ ಬಿಸಿಲಿನಿಂದ ದೂರವಾಗಿ, ತಂಪಾದ ಗುಡ್ಡಗಾಡಿನಲ್ಲಿರಬೇಕು.
2. ಮಕ್ಕಳು ಬ್ಯಾರಕ್ಕಿನ ಪರಿಸರದಿಂದ ಬೇರೆಯಾಗಿ ಶಾಲೆಯಲ್ಲಿಯೇ ವಾಸಿಸಬೇಕು. ತಂದೆಯ ರೆಜಿಮೆಂಟ್ ಎಲ್ಲಿಗೆ ಹೋದರೂ ಮಗುವಿನ ಓದು ಒಂದೇ ಸ್ಥಳದಲ್ಲಿ ಮುಂದುವರಿಯಬೇಕು.
3. ಪ್ರವೇಶದಲ್ಲಿ ತಂದೆ ತಾಯಿಯರನ್ನು ಕಳೆದುಕೊಂಡವರಿಗೆ ಆದ್ಯತೆ ಇರಬೇಕು.
4. ಗಂಡು ಹಾಗೂ ಹೆಣ್ಣು ಮಕ್ಕಳಿಬ್ಬರಿಗೂ ಅವಕಾಶವಿರಬೇಕು.
5. ಶಿಕ್ಷಣವು ಸರಳವಾಗಿ, ಜೀವನೋಪಾಯಕ್ಕೆ ಉಪಯುಕ್ತವಾಗಿ, ಧರ್ಮಬೋಧೆಯಿಂದ ಕೂಡಿರಬೇಕು.

ಯೋಜನೆಗೆ ವಿರೋಧವೂ ಬಂದಿತು. ಧರ್ಮಬೋಧೆ ಪ್ರಾಟೆಸ್ಟಂಟ್ ಕ್ರಮದ್ದಾಗಿದ್ದುದರಿಂದ ಕ್ಯಾಥೊಲಿಕ್ ಸೈನಿಕರ ಪರವಾಗಿ ಆಕ್ಷೇಪಗಳು ಕೇಳಿಬಂದವು. ಸೇನೆಯಲ್ಲಿ ಐರಿಷ್ ಕ್ಯಾಥೊಲಿಕರ ಸಂಖ್ಯೆ ಹೆಚ್ಚಾಗಿದ್ದ ಕಾಲದಲ್ಲಿ ಇದು ಸಣ್ಣ ಆಕ್ಷೇಪವಾಗಿರಲಿಲ್ಲ. ಆದಾಗ್ಯೂ ಲಾರೆನ್ಸ್‌ರವರು ಅಧಿಕಾರಿಗಳಿಂದಲೂ ಸೈನಿಕರಿಂದಲೂ ವಂತಿಗೆ ಸಂಗ್ರಹಿಸುತ್ತಾ, ತಮ್ಮ ಸಂಬಳದ ದೊಡ್ಡ ಭಾಗವನ್ನು ಇದಕ್ಕೆ ಮೀಸಲಿಡುತ್ತಾ ಕೆಲಸವನ್ನು ಮುಂದುವರಿಸಿದರು. ಜಮ್ಮು ಕಾಶ್ಮೀರದ ಮಹಾರಾಜ ಗುಲಾಬ್ ಸಿಂಗ್‌ರವರೂ ಉದಾರವಾಗಿ ಧನಸಹಾಯ ನೀಡಿದರು.

ಸನಾವರ್ ಶಾಲೆಯ ಆರಂಭ

ಇಂದಿನ ಹಿಮಾಚಲ ಪ್ರದೇಶದ ಸೋಲನ್ ಜಿಲ್ಲೆಯಲ್ಲಿ, ಕಸೌಲಿಯ ಎದುರಿನ ಸನಾವರ್ ಗುಡ್ಡವನ್ನು ಶಾಲೆಗಾಗಿ ಆರಿಸಲಾಯಿತು. 1847ರ ಏಪ್ರಿಲ್ 15ರಂದು 14 ಮಂದಿ ಬಾಲಕ ಬಾಲಕಿಯರೊಡನೆ ಲಾರೆನ್ಸ್ ಅಸೈಲಂ, ಅಂದರೆ ಲಾರೆನ್ಸ್ ಆಶ್ರಯಧಾಮವು ಆರಂಭವಾಯಿತು. ಆಗ ಲಾರೆನ್ಸ್‌ರವರು ಲಾಹೋರಿನಲ್ಲಿ ರೆಸಿಡೆಂಟರಾಗಿ ಪಂಜಾಬಿನ ಆಡಳಿತದ ಹೊಣೆ ಹೊತ್ತಿದ್ದರು. ಹೊನೋರಿಯಾ ಅವರು ಮಕ್ಕಳೊಡನೆ ಬ್ರಿಟನ್ನಿನಲ್ಲಿದ್ದರು. ಕೆಲಸದ ಒತ್ತಡದ ನಡುವೆಯೂ ಕಟ್ಟಡ, ನೀರು, ಆಹಾರ, ಉಪಾಧ್ಯಾಯರ ನೇಮಕ ಮುಂತಾದ ಎಲ್ಲ ವಿಷಯಗಳನ್ನೂ ಲಾರೆನ್ಸ್‌ರವರು ಪತ್ರಮುಖೇನ ವಿಚಾರಿಸಿಕೊಳ್ಳುತ್ತಿದ್ದರು.

ತಕ್ಕ ಉಪಾಧ್ಯಾಯರು ದೊರೆಯುವುದೇ ಮೊದಲ ವರ್ಷಗಳ ದೊಡ್ಡ ತೊಡಕಾಗಿತ್ತು. ದಂಡಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಅನೇಕರು ಬೋಧನೆಯ ತರಬೇತಿ ಪಡೆಯದ ಸೈನಿಕರೇ ಆಗಿದ್ದರು. ಮಕ್ಕಳ ಜೀವನವನ್ನು ಸುಧಾರಿಸಬೇಕಾದರೆ ಉಪಾಧ್ಯಾಯರ ಗುಣಮಟ್ಟವನ್ನು ಮೊದಲು ಸುಧಾರಿಸಬೇಕೆಂಬುದನ್ನು ಮನಗಂಡು, ಶಿಕ್ಷಣದಲ್ಲಿ ಅನುಭವವುಳ್ಳವರನ್ನು ಹುಡುಕಿ ನೇಮಿಸಲು ಪ್ರಯತ್ನಿಸಲಾಯಿತು. ಪಾದ್ರಿ ಪಾರ್ಕರ್ ಎಂಬುವರು ದೀರ್ಘಕಾಲ ಶಾಲೆಯ ಮುಖ್ಯಸ್ಥರಾಗಿ ಅದಕ್ಕೊಂದು ಸ್ಥಿರತೆಯನ್ನು ತಂದುಕೊಟ್ಟರು. ಓದು, ಬರಹ, ಲೆಕ್ಕಗಳೊಂದಿಗೆ ಕೈಕೆಲಸವನ್ನೂ ಕಲಿಸಲಾಗುತ್ತಿತ್ತು.

ಪಂಜಾಬಿನಿಂದ ರಾಜಪುತಾನಕ್ಕೆ

1848ರಲ್ಲಿ ಲಾರೆನ್ಸ್‌ರವರಿಗೆ ಸರ್ ಪದವಿ ದೊರೆಯಿತು. 1849ರಲ್ಲಿ ಪಂಜಾಬನ್ನು ಕಂಪನಿಯ ಆಡಳಿತಕ್ಕೆ ಸೇರಿಸಿಕೊಂಡ ನಂತರ ರಚಿತವಾದ ಆಡಳಿತ ಮಂಡಳಿಗೆ ಅವರು ಅಧ್ಯಕ್ಷರಾದರು. ತಮ್ಮ ಜಾನ್ ಸಹ ಅದರ ಸದಸ್ಯರಾಗಿದ್ದರು. ಅಧಿಕಾರ ಕಳೆದುಕೊಂಡ ಜಾಗೀರುದಾರರನ್ನು ಮೃದುವಾಗಿ ನಡೆಸಿಕೊಳ್ಳಬೇಕೆಂಬುದು ಹೆನ್ರಿಯವರ ನಿಲುವು. ಈ ವಿಷಯದಲ್ಲಿ ಸಹೋದರರ ನಡುವೆ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು. ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯವರು ಜಾನ್‌ರವರ ಪರವಾಗಿ ನಿಂತರು. 1853ರಲ್ಲಿ ಮಂಡಳಿಯನ್ನು ರದ್ದುಗೊಳಿಸಿ ಹೆನ್ರಿಯವರನ್ನು ರಾಜಪುತಾನಕ್ಕೆ ವರ್ಗಾಯಿಸಲಾಯಿತು.

ಹೊಸ ಸ್ಥಳದಲ್ಲಿ ಅವರಿಗೆ ಮತ್ತೊಂದು ದುಃಖ ಕಾದಿತ್ತು. 1854ರ ಜನವರಿಯಲ್ಲಿ ಅಬು ಪರ್ವತದಲ್ಲಿ ಹೊನೋರಿಯಾ ಅವರು ನಿಧನ ಹೊಂದಿದರು. ಪತ್ನಿ ವಿಯೋಗದ ನಂತರವೂ ಲಾರೆನ್ಸ್‌ರವರು ಶಾಲೆಯ ಕೆಲಸವನ್ನು ಕೈಬಿಡಲಿಲ್ಲ. 1856ರಲ್ಲಿ ಅದೇ ಅಬು ಪರ್ವತದಲ್ಲಿ ಎರಡನೆಯ ಲಾರೆನ್ಸ್ ಶಾಲೆ ಆರಂಭವಾಯಿತು.

ನಿಧನ

1857ರ ಮಾರ್ಚ್ ತಿಂಗಳಲ್ಲಿ ಅವರು ಔಧ್ ಪ್ರಾಂತದ ಮುಖ್ಯ ಕಮಿಷನರ್ ಆಗಿ ಲಕ್ನೋಗೆ ಬಂದರು. ಎರಡೇ ತಿಂಗಳಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಭುಗಿಲೆದ್ದಿತು. ಜೂನ್ 30ರಂದು ಚಿನ್‌ಹಟ್‌ನಲ್ಲಿ ಲಾರೆನ್ಸ್‌ರವರ ಪಡೆ ಹೋರಾಟಗಾರರಿಂದ ಸೋಲನ್ನು ಅನುಭವಿಸಿತು. ಅನಂತರ ಲಕ್ನೋ ರೆಸಿಡೆನ್ಸಿಗೆ ಮುತ್ತಿಗೆ ಬಿದ್ದಿತು. ಜುಲೈ 2ರಂದು ಅವರ ಕೊಠಡಿಯೊಳಗೆ ಸಿಡಿದ ಗುಂಡಿನಿಂದ ತೀವ್ರವಾಗಿ ಗಾಯಗೊಂಡು, ಜುಲೈ 4ರಂದು ತಮ್ಮ 51ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ರೆಸಿಡೆನ್ಸಿಯ ಆವರಣದಲ್ಲಿದೆ.

ಗಾಯಗೊಂಡು ಮಲಗಿದ್ದ ಎರಡು ದಿನಗಳಲ್ಲಿ ಅವರು ಉತ್ತರಾಧಿಕಾರಿಗಳಿಗೆ ನೀಡಿದ ಸೂಚನೆಗಳಲ್ಲಿ ರಕ್ಷಣೆಯ ವಿಷಯಗಳ ಜೊತೆಗೆ ಆಶ್ರಯಧಾಮದ ವಿಷಯವೂ ಇತ್ತು. ಆ ಸಂಸ್ಥೆ ನಿಂತುಹೋಗದಂತೆ ಸರ್ಕಾರವು ನೋಡಿಕೊಳ್ಳಬೇಕೆಂಬುದು ಅವರ ಕೊನೆಯ ಕೋರಿಕೆಗಳಲ್ಲಿ ಒಂದಾಗಿತ್ತು. ಈ ಕೋರಿಕೆ ಈಡೇರಿತು. ವಂತಿಗೆಯಿಂದ ನಡೆಯುತ್ತಿದ್ದ ಸನಾವರ್ ಶಾಲೆಯನ್ನು 1858ರಲ್ಲಿ ಸರ್ಕಾರವು ವಹಿಸಿಕೊಂಡಿತು. ಒಬ್ಬ ವ್ಯಕ್ತಿಯ ಔದಾರ್ಯವನ್ನು ಅವಲಂಬಿಸಿದ್ದ ಕೆಲಸವು ಸಾರ್ವಜನಿಕ ಹೊಣೆಯಾದುದರಿಂದಲೇ ಅದು ಸ್ಥಾಪಕರ ನಂತರವೂ ಉಳಿಯಿತು.

ಅವರ ಹೆಸರಿನ ಇತರ ಶಾಲೆಗಳು

1858ರ ಸೆಪ್ಟೆಂಬರಿನಲ್ಲಿ ನೀಲಗಿರಿಯ ಉದಕಮಂಡಲದಲ್ಲಿ ಮೂರನೆಯ ಶಾಲೆ ಪ್ರಾರಂಭವಾಯಿತು. ಮುಂದೆ ಇದು ಸಮೀಪದ ಲವ್‌ಡೇಲ್‌ಗೆ ಸ್ಥಳಾಂತರಗೊಂಡಿತು. ಮದರಾಸಿನ ಹಳೆಯ ಸೈನಿಕ ಅನಾಥಾಲಯದ ಬಾಲಕರನ್ನೂ ಕಾಲಕ್ರಮೇಣ ಇಲ್ಲಿಗೆ ಸೇರಿಸಲಾಯಿತು. ನಾಲ್ಕನೆಯ ಶಾಲೆಯು 1860ರಲ್ಲಿ ಇಂದಿನ ಪಾಕಿಸ್ತಾನದ ಮರ್ರಿ ಸಮೀಪದ ಘೋರಾ ಗಲಿಯಲ್ಲಿ ಸ್ಥಾಪನೆಯಾಯಿತು. ಸನಾವರ್ ಮತ್ತು ಲವ್‌ಡೇಲ್ ಶಾಲೆಗಳು ಸ್ವಾತಂತ್ರ್ಯಾನಂತರ ಎಲ್ಲ ವರ್ಗದ ಮಕ್ಕಳಿಗೂ ತೆರೆದ ವಸತಿ ಪಬ್ಲಿಕ್ ಶಾಲೆಗಳಾಗಿ ಮುಂದುವರಿದಿವೆ.

ಯೋಜನೆಯ ಮಿತಿ ಮತ್ತು ಭಾರತೀಯ ಸೈನಿಕರ ಮಕ್ಕಳು

ಲಾರೆನ್ಸ್‌ರವರ ಶಾಲೆಗಳು ಐರೋಪ್ಯ ಸೈನಿಕರ ಮಕ್ಕಳಿಗೆಂದು ಸ್ಥಾಪಿತವಾದವು. ತಂದೆ ತಾಯಿ ಇಬ್ಬರೂ ಐರೋಪ್ಯರಾಗಿದ್ದ ಮಕ್ಕಳಿಗೆ ನಿಯಮಗಳಲ್ಲಿಯೇ ಆದ್ಯತೆ ಇತ್ತು. ಬಯಲಿನ ಹವೆ ಅವರಿಗೆ ಹೆಚ್ಚು ಹಾನಿಕರವೆಂಬ ಕಾರಣವನ್ನು ಇದಕ್ಕೆ ನೀಡಲಾಗಿತ್ತು. ಕಂಪನಿಯ ಸೇನೆಯ ಬಹುಭಾಗವಾಗಿದ್ದ ಭಾರತೀಯ ಸಿಪಾಯಿಗಳ ಮಕ್ಕಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಭಾರತೀಯ ಸೈನಿಕರಿಗೆ ಉನ್ನತ ಹುದ್ದೆಗಳ ಅವಕಾಶವಿಲ್ಲದಿರುವುದು ಅನ್ಯಾಯವೂ ಅಪಾಯಕರವೂ ಆದುದೆಂದು ತಮ್ಮ ಲೇಖನಗಳಲ್ಲಿ ಎಚ್ಚರಿಸಿದ್ದ ಲಾರೆನ್ಸ್‌ರವರ ಶಾಲೆಯ ಯೋಜನೆಯು ಅದೇ ಸೈನಿಕರ ಮಕ್ಕಳವರೆಗೆ ವಿಸ್ತರಿಸಲಿಲ್ಲವೆಂಬುದು ಗಮನಾರ್ಹ.

ಭಾರತೀಯ ಸೈನಿಕರ ಮಕ್ಕಳಿಗೆಂದೇ ಇಂತಹ ವಸತಿ ಶಾಲೆಗಳು ದೊರೆತುದು ಸನಾವರ್ ಆರಂಭವಾದ 78 ವರ್ಷಗಳ ನಂತರ. ಮೊದಲನೆಯ ಮಹಾಯುದ್ಧದಲ್ಲಿ ಭಾರತೀಯ ಯೋಧರು ಸಲ್ಲಿಸಿದ ಅಪಾರ ಸೇವೆಯ ಹಿನ್ನೆಲೆಯಲ್ಲಿ 1925ರಲ್ಲಿ ಝೇಲಂ ಮತ್ತು ಜಲಂಧರ್‌ಗಳಲ್ಲಿಯೂ, 1930ರಲ್ಲಿ ಅಜ್ಮೀರಿನಲ್ಲಿಯೂ ಕಿಂಗ್ ಜಾರ್ಜ್ ಹೆಸರಿನ ಸೈನಿಕ ಶಾಲೆಗಳು ಪ್ರಾರಂಭವಾದವು. ಕರ್ನಾಟಕಕ್ಕೆ ಈ ಸೌಲಭ್ಯವು 1945ರಲ್ಲಿ ಬೆಳಗಾವಿಯಲ್ಲಿ ಹಾಗೂ 1946ರಲ್ಲಿ ಬೆಂಗಳೂರಿನಲ್ಲಿ ಲಭ್ಯವಾಯಿತು. 1952ರಲ್ಲಿ ಇವುಗಳನ್ನು ಪಬ್ಲಿಕ್ ಶಾಲೆಗಳ ಮಾದರಿಯಲ್ಲಿ ಪುನರ್ರಚಿಸಿ, ಅಧಿಕಾರಿಗಳ ಮತ್ತು ನಾಗರಿಕರ ಮಕ್ಕಳಿಗೂ ಪ್ರವೇಶ ಕಲ್ಪಿಸಲಾಯಿತು. ಇವೇ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು.

ವರ್ಗಾವಣೆಯ ಸಮಸ್ಯೆಗೆ ಸ್ವತಂತ್ರ ಭಾರತವು ಮತ್ತೊಂದು ಪರಿಹಾರವನ್ನು ಕಂಡುಕೊಂಡಿತು. 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳನ್ನು ಕೇಂದ್ರ ಸರ್ಕಾರವು ವಹಿಸಿಕೊಂಡು ಕೇಂದ್ರೀಯ ವಿದ್ಯಾಲಯಗಳ ಯೋಜನೆಯನ್ನು ಆರಂಭಿಸಿತು. ದೇಶದ ಯಾವ ಭಾಗಕ್ಕೆ ಹೋದರೂ ಒಂದೇ ಪಠ್ಯಕ್ರಮ ದೊರೆಯುವಂತಾದುದರಿಂದ, ಮಗುವು ತಂದೆ ತಾಯಿಯರ ಜೊತೆಯಲ್ಲಿಯೇ ಇದ್ದುಕೊಂಡು ಓದು ಮುಂದುವರಿಸಲು ಸಾಧ್ಯವಾಯಿತು. ಅದೇ 1963ರಲ್ಲಿ ವಿಜಯಪುರದಲ್ಲಿಯೂ, 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿಯೂ ಸೈನಿಕ ಶಾಲೆಗಳು ಸ್ಥಾಪನೆಯಾದವು. 1983ರಲ್ಲಿ ಸ್ಥಾಪಿತವಾದ ಭೂಸೇನಾ ಕಲ್ಯಾಣ ಶಿಕ್ಷಣ ಸಂಸ್ಥೆಯು ಆರ್ಮಿ ಪಬ್ಲಿಕ್ ಶಾಲೆಗಳನ್ನು ನಡೆಸುತ್ತಿದೆ.

ಅರ್ಜಿದಾರರ ಗಮನಕ್ಕೆ

ಮೇಲ್ಕಂಡ ಶಾಲೆಗಳಿಗೆ ಹಾಗೂ ಶೈಕ್ಷಣಿಕ ಸಹಾಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಅಂಶಗಳನ್ನು ಗಮನಿಸುವುದು.

• ರಾಷ್ಟ್ರೀಯ ಮಿಲಿಟರಿ ಶಾಲೆ ಮತ್ತು ಸೈನಿಕ ಶಾಲೆಗಳಲ್ಲಿ 6 ಮತ್ತು 9ನೆಯ ತರಗತಿಗಳ ಪ್ರವೇಶವು ಅಖಿಲ ಭಾರತ ಮಟ್ಟದ ಪರೀಕ್ಷೆಯ ಮೂಲಕ ನಡೆಯುತ್ತದೆ. ರಕ್ಷಣಾ ಸಿಬ್ಬಂದಿ ಹಾಗೂ ಮಾಜಿ ಸೈನಿಕರ ಮಕ್ಕಳಿಗೆ ಸ್ಥಾನಗಳ ಮೀಸಲಾತಿ ಇರುತ್ತದೆ. ಆಯಾ ವರ್ಷದ ಪ್ರಕಟಣೆಯಲ್ಲಿರುವ ವಯೋಮಿತಿ ಮತ್ತು ಕೊನೆಯ ದಿನಾಂಕವನ್ನು ಪರಿಶೀಲಿಸತಕ್ಕದ್ದು.

• ಕೇಂದ್ರೀಯ ವಿದ್ಯಾಲಯಗಳ ಪ್ರವೇಶದಲ್ಲಿ ಹಿಂದಿನ 7 ವರ್ಷಗಳಲ್ಲಿ ಪೋಷಕರಿಗೆ ಆಗಿರುವ ವರ್ಗಾವಣೆಗಳ ಸಂಖ್ಯೆಯನ್ನು ಆದ್ಯತೆಗೆ ಪರಿಗಣಿಸಲಾಗುತ್ತದೆ. ಆದ್ದರಿಂದ ಸೇವೆಯಲ್ಲಿರುವವರು ವರ್ಗಾವಣೆಯ ದೃಢೀಕರಣ ಪತ್ರವನ್ನು ಕಛೇರಿಯಿಂದ ಮುಂಚಿತವಾಗಿ ಪಡೆದುಕೊಳ್ಳುವುದು ಸೂಕ್ತ.

• ಮಾಜಿ ಸೈನಿಕರ ಹಾಗೂ ಮೃತ ಸೈನಿಕರ ಪತ್ನಿಯರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಶೈಕ್ಷಣಿಕ ಸಹಾಯಧನವೂ, ವೃತ್ತಿಪರ ಶಿಕ್ಷಣಕ್ಕಾಗಿ ಪ್ರಧಾನ ಮಂತ್ರಿಗಳ ವಿದ್ಯಾರ್ಥಿವೇತನವೂ ನಿಯಮಾನುಸಾರ ಲಭ್ಯವಿವೆ.

• ಅರ್ಜಿಗೆ ಸಾಮಾನ್ಯವಾಗಿ ಬಿಡುಗಡೆ ಪುಸ್ತಕ, ಮಾಜಿ ಸೈನಿಕರ ಗುರುತಿನ ಚೀಟಿ, ಹಿಂದಿನ ತರಗತಿಯ ಅಂಕಪಟ್ಟಿ ಮತ್ತು ಬ್ಯಾಂಕ್ ಖಾತೆಯ ವಿವರಗಳು ಅಗತ್ಯ. ಮಗುವಿನ ಹೆಸರು ಹಾಗೂ ಜನ್ಮ ದಿನಾಂಕವು ಸೇವಾ ದಾಖಲೆಯಲ್ಲಿ ಸರಿಯಾಗಿ ನಮೂದಾಗಿರಬೇಕು. ಹೆಸರಿನಲ್ಲಿ ವ್ಯತ್ಯಾಸವಿದ್ದಲ್ಲಿ ಅರ್ಜಿ ಸಲ್ಲಿಸುವ ಮೊದಲೇ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು.

• ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಯನ್ನು ಸಂಪರ್ಕಿಸಬಹುದು.

ಶ್ರೀರಂಗಪಟ್ಟಣದಲ್ಲಿ ಗಾಯಗೊಂಡ ಅಧಿಕಾರಿಯೊಬ್ಬನ ಮಕ್ಕಳ ಓದು ಬಂಧುಗಳ ದಯೆಯನ್ನೂ, ಪರಿಚಿತರ ಶಿಫಾರಸನ್ನೂ ಅವಲಂಬಿಸಬೇಕಾಗಿತ್ತು. ಇಂದು ಸೈನಿಕನ ಮಗುವು ನಿಯಮಾನುಸಾರ ಅರ್ಜಿ ಸಲ್ಲಿಸಿ ಈ ಸೌಲಭ್ಯಗಳನ್ನು ಕೋರಬಹುದಾಗಿದೆ. ಅರ್ಹ ಕುಟುಂಬಗಳು ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸಿ ಇವುಗಳ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.